ತವರಿನ ಹೊಲ: ಚರ್ಚಿನ ದಾಖಲೆಗೂ ಹಿಂದೆ ಹೋದ ಒಂದು ಸಫೊಕ್ ಮನೆತನದ ಹುಡುಕಾಟ

ಈ ಪ್ರಕರಣ ಇಂಗ್ಲೆಂಡಿನ ಪೂರ್ವ ಭಾಗದ ಸಫೊಕ್ ಕೌಂಟಿಯದ್ದು. ಮನೆತನದ ಹೆಸರು ಬದಲಿಸಿದ್ದೇನೆ, ಊರಿನ ಹೆಸರು ಬಿಟ್ಟಿದ್ದೇನೆ. ಹೊಲಕ್ಕೂ ಒಂದು ಹೆಸರಿತ್ತು, ಅದನ್ನು ಇಲ್ಲಿ ‘ಹಳ್ಳದ ಹೊಲ’ ಅಂತ ಕರೆಯುತ್ತೇನೆ. ಮನೆತನಕ್ಕೆ ವೆಬ್ ಅಂತ ಇಟ್ಟುಕೊಳ್ಳೋಣ. ಹಳೇ ಇಂಗ್ಲಿಷಿನಲ್ಲಿ ವೆಬ್ ಅಂದರೆ ನೇಕಾರ. ಉಣ್ಣೆ ಬಟ್ಟೆಯಿಂದ ಬದುಕಿದ ಆ ಸೀಮೆಯಲ್ಲಿ ಹೆಜ್ಜೆಗೊಬ್ಬ ವೆಬ್ ಸಿಗುತ್ತಾನೆ. ಇದು ಮುಂದೆ ಮುಖ್ಯವಾಗುತ್ತದೆ.

ನನ್ನ ಹತ್ತಿರ ಬಂದವರು ಎಪ್ಪತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ. ನಾನು ಆ ಸೀಮೆಯಲ್ಲಿ ಹಲವು ವರ್ಷದಿಂದ ಇದ್ದೇನೆ. ಹಳೇ ಕೈಬರಹ ಓದಲು ಕಲಿತಿದ್ದೇನೆ, ಕೇಳಿದವರಿಗೆ ಓದಿ ಹೇಳುತ್ತೇನೆ. ಅವರು ಒಂದು ದೊಡ್ಡ ಹಾಳೆ ಸುತ್ತಿಕೊಂಡು ತಂದಿದ್ದರು. ಅದರಲ್ಲಿ ಅವರ ವಂಶವೃಕ್ಷ 1381ರವರೆಗೆ ಶಾಯಿಯಲ್ಲಿ ಬರೆದಿತ್ತು. ‘ಇದರಲ್ಲಿ ಎಷ್ಟು ನಿಜ ಅಂತ ನನಗೆ ಗೊತ್ತಾಗಬೇಕು. ಮೊಮ್ಮಕ್ಕಳಿಗೆ ಕೊಡುವ ಮೊದಲು ಗೊತ್ತಾಗಬೇಕು’ ಅಂದರು. ಆ ಮಾತಿಗೇ ನಾನು ಒಪ್ಪಿಕೊಂಡೆ.

ಎಲ್ಲಿವರೆಗೆ ಸಲೀಸು

ಇಂಗ್ಲೆಂಡಿನಲ್ಲಿ ಹುಟ್ಟು ಸಾವುಗಳ ಸರ್ಕಾರಿ ನೋಂದಣಿ ಶುರುವಾಗಿದ್ದು 1837ರ ಜುಲೈ 1ರಂದು. ಮನೆಯವರೆಲ್ಲರ ಹೆಸರು ಸಿಗುವ ಜನಗಣತಿ 1841ರಿಂದ. ಅದಕ್ಕೂ ಹಿಂದೆ ಹೋಗಬೇಕಾದರೆ ಪ್ಯಾರಿಷ್ ರಿಜಿಸ್ಟರ್ ಬೇಕು. ಅಂದರೆ ಊರ ಚರ್ಚಿನಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ ಬರೆದಿಟ್ಟ ಪುಸ್ತಕ. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಇದಕ್ಕೆ ಆಜ್ಞೆ ಹೊರಡಿಸಿದ. ಆದರೆ ಮೊದಮೊದಲು ಬರೆದದ್ದು ಬಹುಪಾಲು ಕಾಗದದ ಮೇಲೆ. 1598ರಲ್ಲಿ ಅದನ್ನೆಲ್ಲ ಚರ್ಮಪತ್ರಕ್ಕೆ ನಕಲು ಮಾಡಿ, ವಿಶೇಷವಾಗಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದಲ್ಲಿಂದ ಮಾಡಿ ಅಂತ ಅಪ್ಪಣೆಯಾಯಿತು. ಕೆಲವು ಪಾದ್ರಿಗಳು ಅಲ್ಲಿಂದಲೇ ಶುರು ಮಾಡಿದರು. ಹಾಗಾಗಿ ಎಷ್ಟೋ ಊರುಗಳಲ್ಲಿ ಮೊದಲ ಪುಸ್ತಕ 1558ರಿಂದ ಇದೆ. ಇನ್ನೆಷ್ಟೋ ಕಡೆ ಇಲಿ, ತೇವ, ಬೆಂಕಿ, ಅಸಡ್ಡೆ ಸೇರಿ ಅದನ್ನೂ ಉಳಿಸಲಿಲ್ಲ.

ನಮ್ಮ ಊರಿನಲ್ಲಿ ಉಳಿದದ್ದು 1617ರಿಂದ. ಈ ಪುಸ್ತಕದಲ್ಲಿ ಥಾಮಸ್ ವೆಬ್ ಅನ್ನುವವನ ಮಕ್ಕಳಿಗೆ 1619ರಿಂದ 1631ರವರೆಗೆ ದೀಕ್ಷಾಸ್ನಾನ ಆಗಿದೆ. ಅವನಿಂದ ಈ ಶಿಕ್ಷಕಿಯವರೆಗೆ ಎಲ್ಲ ಕೊಂಡಿಗಳೂ ಗಟ್ಟಿಯಾಗಿದ್ದವು. ಆದರೆ ಥಾಮಸ್‌ನ ಅಪ್ಪ ಯಾರು?

ಅವರ ಹಾಳೆ ಹೇಳುವ ಪ್ರಕಾರ ಥಾಮಸ್ ಪಕ್ಕದ ಊರಲ್ಲಿ 1592ರಲ್ಲಿ ದೀಕ್ಷಾಸ್ನಾನ ಪಡೆದವನು. ಅಲ್ಲಿಂದ ಒಂದು ಜಮೀನುದಾರರ ಮನೆತನ, ಅಲ್ಲಿಂದ ಸೀದಾ 1381. ಆ ಕೊಂಡಿಯನ್ನು ಯಾರೋ ಒಬ್ಬರು ಹಾಕಿದ್ದರು, ಉಳಿದವರು ನಕಲು ಮಾಡಿಕೊಂಡಿದ್ದರು. ನಾವು ಮೊದಲು ಮಾಡಿದ್ದು ಇಷ್ಟೇ: ಪಕ್ಕದ ಊರಿನ ಅದೇ ಪುಸ್ತಕದಲ್ಲಿ ದೀಕ್ಷಾಸ್ನಾನದ ಪುಟ ಬಿಟ್ಟು ಸಮಾಧಿಯ ಪುಟ ತೆಗೆದೆವು. 1593ರಲ್ಲಿ ಆ ಮಗು ಮಣ್ಣಾಗಿತ್ತು. ಅಪ್ಪನ ಹೆಸರು ಅದೇ, ಪಾದ್ರಿಯ ಕೈಬರಹ ಅದೇ.

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಹತ್ತು ವರ್ಷ ತಮ್ಮ ಪೂರ್ವಜ ಅಂದುಕೊಂಡಿದ್ದವನು ಒಂದು ವರ್ಷವೂ ಬದುಕದ ಕೂಸು. ಹೆಸರು, ಕಾಲ, ಹತ್ತಿರದ ಊರು ಮೂರೂ ಹೊಂದಿದ ಕೂಡಲೇ ಕೊಂಡಿ ಹಾಕುವುದು ಸುಲಭ. ಅವನು ಬೆಳೆದು ದೊಡ್ಡವನಾದನೇ ಅಂತ ನೋಡುವ ಕೆಲಸವನ್ನು ಜಾಸ್ತಿ ಜನ ಮಾಡುವುದಿಲ್ಲ.

ಉಯಿಲು ಸಿಕ್ಕಿತು, ಮನೆ ಸಿಗಲಿಲ್ಲ

ರಿಜಿಸ್ಟರ್ ಕಳೆದುಹೋದ ಕಡೆ ಮೊದಲು ನೋಡಬೇಕಾದ್ದು ಬಿಷಪ್ಪರ ಪ್ರತಿಗಳು. ಪಾದ್ರಿಗಳು ವರ್ಷದ ನಮೂದುಗಳ ನಕಲನ್ನು ಮೇಲಿನವರಿಗೆ ಕಳಿಸಬೇಕು ಅಂತ 1598ರ ಅಪ್ಪಣೆಯಲ್ಲೇ ಇತ್ತು. ಈ ಊರಿನ ಪ್ರತಿಗಳಲ್ಲಿ 1617ಕ್ಕೆ ಹಿಂದಿನವು ಎರಡೇ ಹಾಳೆ ಉಳಿದಿದ್ದವು. ಒಂದರಲ್ಲಿ 1608ರಲ್ಲಿ ‘ವಿಧವೆ ಆಗ್ನೆಸ್ ವೆಬ್’ ಸಮಾಧಿಯಾದಳು ಅಂತ ಒಂದು ಸಾಲು. ಅಷ್ಟೇ. ಆದರೆ ವಿಧವೆ ಇದ್ದಳು ಅಂದರೆ ಅದಕ್ಕೂ ಮೊದಲು ಸತ್ತ ಗಂಡನಿದ್ದ. ಗಂಡನಿದ್ದ ಅಂದರೆ ಉಯಿಲು ಇರಬಹುದು.

1858ರವರೆಗೆ ಇಂಗ್ಲೆಂಡಿನಲ್ಲಿ ಉಯಿಲುಗಳನ್ನು ಊರ್ಜಿತ ಮಾಡುತ್ತಿದ್ದದ್ದು ಚರ್ಚಿನ ಕೋರ್ಟುಗಳು. ಪಶ್ಚಿಮ ಸಫೊಕ್ ಊರುಗಳ ಸಾಮಾನ್ಯ ಜನರ ಉಯಿಲುಗಳು ಸಡ್‌ಬರಿ ಆರ್ಚ್‌ಡೀಕನ್ ಕೋರ್ಟಿನಲ್ಲಿ ಸಿಗುತ್ತವೆ. ಅವು ಪ್ಯಾರಿಷ್ ರಿಜಿಸ್ಟರಿಗಿಂತ ಎಷ್ಟೋ ಹಿಂದಿನಿಂದ ಉಳಿದಿವೆ. ಅಲ್ಲಿ ನೇಕಾರ ಜಾನ್ ವೆಬ್‌ನ ಉಯಿಲು ಸಿಕ್ಕಿತು. ಹೆಂಡತಿ ಆಗ್ನೆಸ್. ದೊಡ್ಡ ಮಗನಿಗೆ ಮಗ್ಗ ಮತ್ತು 40 ಶಿಲಿಂಗ್. ಎರಡನೆಯವನಿಗೆ 40 ಶಿಲಿಂಗ್. ಹೆಣ್ಣುಮಕ್ಕಳಿಗೆ ಹಾಸಿಗೆ, ಹೊದಿಕೆ, ತವರದ ತಟ್ಟೆಗಳು. ‘ನನ್ನ ಕಿರಿ ಮಗ ಥಾಮಸ್‌ಗೆ ಒಂದು ಹಿತ್ತಾಳೆ ಪಾತ್ರೆ.’

ಅಷ್ಟೇ. ಒಂದು ಹಿತ್ತಾಳೆ ಪಾತ್ರೆ. ಮನೆ, ಹೊಲದ ಮಾತೇ ಇಲ್ಲ.

ಶಿಕ್ಷಕಿಗೆ ಬೇಜಾರಾಯಿತು. ‘ಚಿಕ್ಕವನನ್ನು ಯಾಕೆ ಹೀಗೆ ಕೈಬಿಟ್ಟರು?’ ಅಂತ ಕೇಳಿದರು. ನನಗೂ ಉತ್ತರ ಗೊತ್ತಿರಲಿಲ್ಲ. ಇನ್ನೊಂದು ಅನುಮಾನವೂ ಇತ್ತು. ರಿಜಿಸ್ಟರಿನ ಥಾಮಸ್ ಬಡವನಲ್ಲ, ಚರ್ಚಿನ ವಾರ್ಡನ್ ಆಗಿದ್ದವನು. ಹಿತ್ತಾಳೆ ಪಾತ್ರೆ ಪಡೆದ ಹುಡುಗ ಇವನೇನಾ? ಊರಲ್ಲಿ ಬೇರೆ ಥಾಮಸ್ ವೆಬ್ ಇರಬಹುದಲ್ವಾ?

ಕೋರ್ಟ್ ರೋಲ್ ಅಂದರೆ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಮ್ಮಲ್ಲಿ ಹೆಳವರು ಮನೆಮನೆಗೆ ಬಂದು ತಲೆಮಾರುಗಳ ಹೆಸರು ಹೇಳುತ್ತಿದ್ದರು. ಇಂಗ್ಲೆಂಡಿನ ರೈತನಿಗೆ ಅಂಥವರು ಯಾರೂ ಇರಲಿಲ್ಲ. ಆದರೆ ಅವನ ಹೊಲದ ಲೆಕ್ಕ ಇಡುವವರು ಇದ್ದರು. ಊರಿನ ಜಮೀನು ಒಬ್ಬ ಒಡೆಯನ ಮೇನರ್‌ಗೆ ಸೇರಿರುತ್ತಿತ್ತು. ಮೇನರ್‌ಗೆ ಅದರದೇ ಕೋರ್ಟ್. ರೈತ ಸತ್ತರೆ ಆ ಕೋರ್ಟಿನಲ್ಲಿ ಸಾವು ತಿಳಿಸಬೇಕು, ವಾರಸುದಾರ ಬಂದು ಕಾಣಿಕೆ ಹಣ ಕಟ್ಟಬೇಕು, ಜಮೀನು ಅವನ ಹೆಸರಿಗೆ ಏರಬೇಕು. ಪೌತಿ ಖಾತೆ ಮಾಡಿಸಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸತ್ತವನ ಮನೆಯ ಒಳ್ಳೇ ದನವನ್ನು ಎಷ್ಟೋ ಕಡೆ ಒಡೆಯ ಹೊಡೆದುಕೊಂಡು ಹೋಗುತ್ತಿದ್ದ, ಅದಕ್ಕೆ ಹೆರಿಯಟ್ ಅಂತ ಹೆಸರು. ಇದೆಲ್ಲವನ್ನೂ ಗುಮಾಸ್ತ ಲ್ಯಾಟಿನ್‌ನಲ್ಲಿ ಸುರುಳಿಗಳ ಮೇಲೆ ಬರೆದಿಡುತ್ತಿದ್ದ. ಅವೇ ಕೋರ್ಟ್ ರೋಲ್. ರೈತನಿಗೆ ಆ ನಮೂದಿನ ಒಂದು ನಕಲು ಸಿಗುತ್ತಿತ್ತು. ನಕಲಿನ ಬಲದ ಮೇಲೆ ಹಿಡಿದ ಜಮೀನಾದ್ದರಿಂದ ಅದಕ್ಕೆ ಕಾಪಿಹೋಲ್ಡ್ ಅಂತಲೇ ಹೆಸರಾಯಿತು. ಈ ಪದ್ಧತಿ ಪೂರ್ತಿ ಹೋದದ್ದು 1926ರಲ್ಲಿ.

ಯಾವ ಊರಿನಲ್ಲಿ ಯಾವ ಮೇನರ್ ಇತ್ತು, ಅದರ ರೋಲ್‌ಗಳು ಈಗ ಎಲ್ಲಿವೆ ಅನ್ನುವುದಕ್ಕೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್ ಒಂದು ಪಟ್ಟಿ ಇಟ್ಟಿದೆ. ನಮ್ಮ ಊರಿನಲ್ಲಿ ಮೂರು ಮೇನರ್. ಒಂದು ಹಿಂದೆ ಬರಿ ಸೇಂಟ್ ಎಡ್ಮಂಡ್ಸ್‌ನ ದೊಡ್ಡ ಮಠಕ್ಕೆ ಸೇರಿತ್ತು. 1485ರಿಂದ ಮುಂದಿನ ಅದರ ರೋಲ್‌ಗಳು ಕೌಂಟಿಯ ದಾಖಲೆ ಕೇಂದ್ರದಲ್ಲಿದ್ದವು, ನಡುನಡುವೆ ಕಳೆದುಹೋಗಿದ್ದವು. ನಾವು ಅದರಿಂದಲೇ ಶುರು ಮಾಡಿದೆವು.

ಮೇಲ್ತುದಿಯಲ್ಲಿ ಸೇರಿಸಿ ಹೊಲಿದ ಉದ್ದುದ್ದ ಚರ್ಮಪತ್ರಗಳು. ಬಿಡಿಸಿದರೆ ಮತ್ತೆ ಸುತ್ತಿಕೊಳ್ಳುತ್ತವೆ, ತುದಿಗೆ ಭಾರ ಇಟ್ಟು ಓದಬೇಕು. ಬರಹ ನಮ್ಮ ಹಳೇ ಕಡತಗಳ ಮೋಡಿ ಅಕ್ಷರದ ಹಾಗೆ, ಅರ್ಧ ಪದ ಬರೆದು ಮೇಲೊಂದು ಗೆರೆ ಎಳೆದು ಮುಂದೆ ಹೋಗುತ್ತದೆ. ಆದರೆ ಸಾಲಿನ ಧಾಟಿ ಒಂದೇ. ನಾಲ್ಕು ನಮೂದು ಕಷ್ಟಪಟ್ಟು ಓದಿದರೆ ಐದನೆಯದು ತಾನಾಗಿ ಓದಿಸಿಕೊಳ್ಳುತ್ತದೆ.

ಒಂದನೇ ಜೇಮ್ಸ್ ದೊರೆಯ ಮೊದಲ ವರ್ಷದ ಕೋರ್ಟಿನಲ್ಲಿ, ಅಂದರೆ 1603ರ ಅಕ್ಟೋಬರಿನಲ್ಲಿ, ಜಾನ್ ಸಿಕ್ಕಿದ. ನನಗೆ ಒಂದು ಗಳಿಗೆ ಗೊಂದಲವಾಯಿತು. ಉಯಿಲಿನಲ್ಲಿದ್ದ ತಾರೀಕು 1602ರ ಫೆಬ್ರುವರಿ, ಸುಮಾರು ಎರಡು ವರ್ಷ ತಡವೇಕೆ? ತಡವಲ್ಲ. ಆಗ ಅಲ್ಲಿ ಇಸವಿ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅವರ 1602ರ ಫೆಬ್ರುವರಿ ನಮ್ಮ ಲೆಕ್ಕಕ್ಕೆ 1603. ಕೆಲವೇ ತಿಂಗಳ ಅಂತರ.

ನಮೂದು ಹೀಗಿತ್ತು: ಕಳೆದ ಕೋರ್ಟಿನ ನಂತರ ಜಾನ್ ವೆಬ್ ತೀರಿಕೊಂಡ. ಅವನು ಹಿಡಿದಿದ್ದದ್ದು ಒಂದು ಮನೆ ಮತ್ತು ‘ಹಳ್ಳದ ಹೊಲ’ ಎಂಬ 7 ಎಕರೆ. ಹೆರಿಯಟ್ ಒಂದು ಹಸು. ‘ಥಾಮಸ್ ಅವನ ಕಿರಿಯ ಮಗ, ಮೇನರ್‌ನ ಪದ್ಧತಿಯಂತೆ ವಾರಸುದಾರ, ವಯಸ್ಸು 9.’ ದೊಡ್ಡವನಾಗುವವರೆಗೆ ಪೋಷಣೆ ತಾಯಿ ಆಗ್ನೆಸ್‌ದು.

ಕಿರಿಯ ಮಗ! ಇಂಗ್ಲೆಂಡಿನಲ್ಲಿ ಆಸ್ತಿ ಹಿರಿಯ ಮಗನಿಗೆ ಅಂತ ನಾವೆಲ್ಲ ಓದಿಕೊಂಡಿದ್ದೇವೆ. ಆದರೆ ಮೇನರ್‌ಗೊಂದು ಪದ್ಧತಿ. ಕಿರಿಯವನಿಗೆ ಹೋಗುವ ಪದ್ಧತಿಗೆ ಬರೋ ಇಂಗ್ಲಿಷ್ ಅಂತ ಹೆಸರು. ಸಫೊಕ್, ಸಸೆಕ್ಸ್ ಕಡೆಯ ಮೇನರ್‌ಗಳಲ್ಲಿ ಅದು ಅಪರೂಪವಲ್ಲ. ಅಪ್ಪ ಥಾಮಸ್‌ನನ್ನು ಕೈಬಿಟ್ಟಿರಲಿಲ್ಲ. ಮನೆ, ಹೊಲ ಅವನಿಗೆ ತಾನಾಗಿ ಹೋಗುವುದಿತ್ತು, ಅದಕ್ಕೇ ಉಯಿಲಿನಲ್ಲಿ ಬರೆಯಲಿಲ್ಲ. ಇರುವ ಕಾಸನ್ನು ಹೊಲ ಸಿಗದ ಮಕ್ಕಳಿಗೆ ಹಂಚಿದ. ಇದನ್ನು ಹೇಳಿದಾಗ ಶಿಕ್ಷಕಿಯ ಕಣ್ಣು ತುಂಬಿ ಬಂತು. ಮುಂದೆ 1660ರ ದಶಕದಲ್ಲೂ ಅದೇ ‘ಹಳ್ಳದ ಹೊಲ’ ರಿಜಿಸ್ಟರಿನ ಥಾಮಸ್‌ನ ಮಗನ ಕೈಯಲ್ಲೇ ಇತ್ತು. ಇಬ್ಬರು ಥಾಮಸ್ ಅಲ್ಲ, ಒಬ್ಬನೇ ಅನ್ನುವುದಕ್ಕೆ ಅದೇ ಸಾಕ್ಷಿ.

ಇನ್ನೊಂದು ಗಂಟು

ಅದೇ ದಾರಿಯಲ್ಲಿ 1571ಕ್ಕೆ ಹೋದೆವು. ರಾಬರ್ಟ್ ವೆಬ್ ಸತ್ತ, ಕಿರಿ ಮಗ ಜಾನ್‌ಗೆ ಹೊಲ ಬಂತು. ಚೊಕ್ಕವಾದ ನಮೂದು. ಆದರೆ ರಾಬರ್ಟ್‌ಗೆ ಯಾರಿಂದ ಬಂತು? ಎಂಟನೇ ಹೆನ್ರಿ 1539ರಲ್ಲಿ ಬರಿಯ ಮಠವನ್ನು ಮುಚ್ಚಿಸಿದ. ಮೇನರ್ ದೊರೆಯ ಕೈಗೆ ಹೋಗಿ ಆಮೇಲೆ ಮಾರಾಟವಾಯಿತು. ಈ ಕೈಬದಲಿನಲ್ಲಿ ಸುಮಾರು ಹದಿನೈದು ವರ್ಷದ ರೋಲ್‌ಗಳು ಕಾಣೆಯಾಗಿವೆ. ನಂತರದ ಒಂದು ಗೇಣಿ ಪಟ್ಟಿಯಲ್ಲಿ ಮಾತ್ರ ‘ರಾಬರ್ಟ್ ವೆಬ್, ಹಿಂದೆ ವಿಲಿಯಂ ವೆಬ್’ ಅಂತ ಇತ್ತು. ಹಿಂದೆ ವಿಲಿಯಂ ಅಂದರೆ ವಿಲಿಯಂ ಅಪ್ಪ ಅಂತ ಅಲ್ಲ. ಅಣ್ಣನಿರಬಹುದು, ಚಿಕ್ಕಪ್ಪನಿರಬಹುದು, ಮಾರಿದವನೂ ಇರಬಹುದು.

ವಿಲಿಯಂ ಇದ್ದದ್ದು ನಿಜ. 1524ರ ತೆರಿಗೆ ಪಟ್ಟಿಯಲ್ಲಿ ಅವನಿದ್ದಾನೆ. ಆ ತೆರಿಗೆ ಬಡವರವರೆಗೂ ಇಳಿದಿತ್ತು, ವರ್ಷಕ್ಕೆ 20 ಶಿಲಿಂಗ್ ಕೂಲಿ ಇದ್ದವನೂ 4 ಪೆನ್ಸ್ ಕಟ್ಟಬೇಕಿತ್ತು. ವಿಲಿಯಂ 40 ಶಿಲಿಂಗ್ ಬೆಲೆಯ ಸಾಮಾನಿಗೆ 12 ಪೆನ್ಸ್ ಕಟ್ಟಿದ್ದ. ಅವನ ಉಯಿಲೂ ಸಿಕ್ಕಿತು, 1546ರದ್ದು. ಹೆಂಡತಿ ಜೋನ್, ಮಗ ರಾಬರ್ಟ್. ಆಹಾ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲು: ‘ನನ್ನ ಕಿರಿ ಮಗ ಎಡ್ಮಂಡ್‌ಗೆ ಮಗ್ಗ ಮತ್ತು ಎರಡು ಕುರಿ.’

ಕಿರಿಯವನು ಎಡ್ಮಂಡ್. ಪದ್ಧತಿಯಂತೆ ಹೊಲ ಅವನಿಗೆ ಹೋಗಬೇಕಿತ್ತು. ಹೋದದ್ದು ರಾಬರ್ಟ್‌ಗೆ. ಹಾಗಾದರೆ ಇವನು ಬೇರೆ ರಾಬರ್ಟಾ? ಪದ್ಧತಿಯೇ ಮಧ್ಯೆ ಬದಲಾಯಿತಾ?

ಇಲ್ಲಿ ನಾಲ್ಕು ತಿಂಗಳು ನಿಂತುಬಿಟ್ಟೆವು. ಈ ನಡುವೆ ಅವರು ದುಡ್ಡು ಕೊಟ್ಟು ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದರು. ಸಾಮಾನ್ಯ ಡಿಎನ್‌ಎ ಪರೀಕ್ಷೆ ಇಷ್ಟು ದೂರಕ್ಕೆ ಕೆಲಸಕ್ಕೆ ಬರುವುದಿಲ್ಲ. ಪ್ರತಿ ತಲೆಮಾರಿನಲ್ಲಿ ಪಾಲು ಅರ್ಧರ್ಧ ಆಗುತ್ತಾ ಹನ್ನೆರಡು ತಲೆಮಾರು ಆಚೆಯ ಒಬ್ಬ ಪೂರ್ವಜನಿಂದ ಒಂದು ತುಣುಕೂ ಉಳಿಯದೆ ಇರಬಹುದು.

ತಪ್ಪು ನನ್ನದೇ ಇತ್ತು. ರೋಲ್‌ಗಳಲ್ಲಿ ನಾನು ಹುಡುಕುತ್ತಿದ್ದದ್ದು ವೆಬ್ ಅನ್ನುವ ಹೆಸರನ್ನು. ಗುಮಾಸ್ತರು ಅಂಚಿನಲ್ಲಿ ಹೆಸರು ಬರೆಯುತ್ತಾರೆ, ನಾನು ಅಂಚನ್ನು ಓದಿ ಮುಂದೆ ಹೋಗುತ್ತಿದ್ದೆ. ಒಂದು ದಿನ ಶಿಕ್ಷಕಿಯೇ ಹೇಳಿದರು, ‘ಮನುಷ್ಯರನ್ನು ಬಿಡೋಣ. ಹೊಲ ಎಲ್ಲೆಲ್ಲಿ ಬರುತ್ತೋ ಅದನ್ನಷ್ಟೇ ಬರೆದುಕೊಳ್ಳೋಣ.’ ಇಡೀ ಹುಡುಕಾಟ ತಿರುಗಿದ್ದು ಆ ಮಾತಿನಿಂದ.

1485ರಿಂದ ಮತ್ತೆ ಶುರು ಮಾಡಿ, ಯಾರದೇ ಹೆಸರಿರಲಿ, ‘ಹಳ್ಳದ ಹೊಲ’ ಬಂದ ಪ್ರತಿ ಸಾಲನ್ನೂ ಬರೆದುಕೊಂಡೆವು. 1511ರ ರೋಲ್‌ನಲ್ಲಿ, ಅಂಚಿನಲ್ಲಿ ಕುಕ್ ಅನ್ನುವ ಹೆಸರಿದ್ದ ನಮೂದು ಸಿಕ್ಕಿತು. ರಿಚರ್ಡ್ ಕುಕ್ ತೀರಿಕೊಂಡ, ಗಂಡು ಮಕ್ಕಳಿಲ್ಲ. ಕಿರಿ ಮಗಳು ಮಾರ್ಗರೆಟ್ ವಾರಸುದಾರಳು. ಅವಳು ‘ವಿಲಿಯಂ ವೆಬ್‌ನ ಹೆಂಡತಿ’.

ಹೊಲ ವಿಲಿಯಂನದಾಗಿರಲೇ ಇಲ್ಲ. ಅದು ಮಾರ್ಗರೆಟ್‌ಳ ತವರಿನ ಹೊಲ.

ಆಮೇಲೆ 1527ರ ರೋಲ್ ಎಲ್ಲವನ್ನೂ ಬಿಡಿಸಿತು. ಮಾರ್ಗರೆಟ್ ತೀರಿಕೊಂಡಳು. ಅವಳ ಕಿರಿ ಮಗ ರಾಬರ್ಟ್ ವಾರಸುದಾರ, ವಯಸ್ಸು 11. ಗಂಡ ವಿಲಿಯಂ ಬದುಕಿರುವವರೆಗೆ ಅನುಭವಿಸಬಹುದು, ನಂತರ ರಾಬರ್ಟ್‌ಗೆ. ಅಂದರೆ ಜೋನ್ ಎರಡನೇ ಹೆಂಡತಿ, ಎಡ್ಮಂಡ್ ಅವಳ ಮಗ, ರಾಬರ್ಟ್‌ಗೆ ಮಲತಮ್ಮ. ವಿಲಿಯಂಗೆ ಎಡ್ಮಂಡ್ ಕಿರಿಯವನು ನಿಜ, ಆದರೆ ಮಾರ್ಗರೆಟ್‌ಗೆ ಅವನು ಮಗನೇ ಅಲ್ಲ. ಗೇಣಿ ಪಟ್ಟಿ ‘ಹಿಂದೆ ವಿಲಿಯಂ’ ಅಂದದ್ದೂ ಸುಳ್ಳಲ್ಲ, ಅರ್ಧ ಮಾತು ಅಷ್ಟೇ.

ಬರೀ ಉಯಿಲು ನಂಬಿದ್ದರೆ ಜೋನ್‌ಳನ್ನೇ ಪೂರ್ವಜೆ ಅಂತ ಬರೆಯುತ್ತಿದ್ದೆವು. ನನಗೆ ಇಂದಿಗೂ ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಉಯಿಲು ಸುಳ್ಳು ಹೇಳಿರಲಿಲ್ಲ, ರಾಬರ್ಟ್‌ನ ತಾಯಿ ಯಾರು ಅಂತ ಅದನ್ನು ಯಾರೂ ಕೇಳಿರಲಿಲ್ಲ. ಹಳೇ ದಾಖಲೆ ಯಾವುದಕ್ಕೆ ಬರೆದದ್ದೋ ಅದನ್ನು ಮಾತ್ರ ಪೂರ್ತಿ ಹೇಳುತ್ತದೆ. ಉಯಿಲು ಹಂಚಿಕೆ ಹೇಳುತ್ತದೆ, ತೆರಿಗೆ ಪಟ್ಟಿ ದುಡ್ಡು ಹೇಳುತ್ತದೆ, ರೋಲ್ ಹಕ್ಕು ಹೇಳುತ್ತದೆ. ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟಾಗಲೇ ಸಂಬಂಧ ಕಾಣುವುದು. ಮೂರೂ ಒಂದಕ್ಕೊಂದು ಹೊಂದದೆ ಇದ್ದಾಗ ಒಂದನ್ನು ಎತ್ತಿ ಬಿಸಾಡಬಾರದು. ನಮ್ಮ ಪ್ರಕರಣದಲ್ಲಿ ಹೊಂದದೆ ಇದ್ದ ಜಾಗದಲ್ಲೇ ಮಾರ್ಗರೆಟ್ ಇದ್ದಳು.

ಎಲ್ಲಿ ನಿಲ್ಲಿಸಿದೆವು

ಮಾರ್ಗರೆಟ್‌ಳ ಅಪ್ಪ ರಿಚರ್ಡ್ ಕುಕ್ 1487ರಲ್ಲಿ ಹೊಲಕ್ಕೆ ಕಾಣಿಕೆ ಕಟ್ಟಿದ್ದಾನೆ. ಎರಡು ವರ್ಷದ ನಂತರ ಅವನಿಗೆ 3 ಪೆನ್ಸ್ ದಂಡ, ದಾರಿ ಪಕ್ಕದ ಕಾಲುವೆಯ ಹೂಳು ತೆಗೆಯದೆ ನೀರು ರಸ್ತೆಗೆ ಹರಿಯಿತು ಅಂತ. ಅದಕ್ಕೆ ಹಿಂದೆ ಈ ಮೇನರ್‌ನ ರೋಲ್ ಇಲ್ಲ.

ವೆಬ್ ಅನ್ನುವ ಹೆಸರಿನ ದಾರಿ ಇನ್ನೂ ಮೊದಲೇ ನಿಂತಿತು. ಈ ಮೇನರ್‌ನಲ್ಲಿ ವಿಲಿಯಂಗಿಂತ ಮುಂಚೆ ಯಾವ ವೆಬ್ಬೂ ಇಲ್ಲ. ಎಲ್ಲಿಂದಲೋ ಬಂದು ಕುಕ್ ಮನೆಯ ಮಗಳನ್ನು ಮದುವೆಯಾದವನು. 1381ರ ತಲೆಗಂದಾಯದ ಪಟ್ಟಿಯಲ್ಲಿ ಊರಿನಲ್ಲಿ ಒಬ್ಬ ವೆಬ್ ಇದ್ದಾನೆ, ಅವರ ಹಾಳೆಯಲ್ಲಿದ್ದವನು ಅವನೇ. ಆದರೆ ಅವನ ಕಸುಬು ನೇಯ್ಗೆ ಅಂತ ಪಕ್ಕದಲ್ಲೇ ಬರೆದಿದೆ. ಅದು ಮನೆತನದ ಹೆಸರೋ ಕಸುಬಿನ ಹೆಸರೋ ಹೇಳಲಾಗದು. ನಡುವೆ 130 ವರ್ಷ ಖಾಲಿ. ಅವನನ್ನು ಸೇರಿಸಬಾರದು ಅಂತ ನಾನು ಗಟ್ಟಿಯಾಗಿಯೇ ಹೇಳಿದೆ.

ಅವರು ವಾದ ಮಾಡಲಿಲ್ಲ. ಹೊಸ ಹಾಳೆ ತಂದರು. ದಾಖಲೆಯಲ್ಲಿ ಸಂಬಂಧವನ್ನೇ ಬಾಯಿಬಿಟ್ಟು ಹೇಳಿದ್ದನ್ನು ಶಾಯಿಯಲ್ಲಿ, ನಾವು ಊಹಿಸಿದ್ದನ್ನು ಪೆನ್ಸಿಲ್ಲಿನಲ್ಲಿ ಬರೆದರು. 1381ರವನಿಗೆ ಪೆನ್ಸಿಲ್ ಕೂಡ ಸಿಗಲಿಲ್ಲ. ಎಲ್ಲರಿಗಿಂತ ಮೇಲೆ ರಿಚರ್ಡ್ ಕುಕ್, ಕೆಳಗೆ ಮಾರ್ಗರೆಟ್, ಎರಡೂ ಶಾಯಿಯಲ್ಲಿ. ವಿಲಿಯಂನ ಪಕ್ಕ ಇನ್ನೊಂದು ಗೆರೆ ಎಳೆದು ಜೋನ್, ಅವಳ ಕೆಳಗೆ ಎಡ್ಮಂಡ್.

‘ಇವನಿಂದ ನಾವು ಯಾರೂ ಹುಟ್ಟಲಿಲ್ಲ. ಆದರೂ ಹೊಲ ಸಿಗದೆ, ಮಗ್ಗ ಹೊತ್ತುಕೊಂಡು ಈ ಹುಡುಗ ಎಲ್ಲಿಗೆ ಹೋದ?’ ಅಂತ ಕೇಳಿದರು. ಮುಂದಿನ ಮಂಗಳವಾರದಿಂದ ಪಕ್ಕದ ಊರುಗಳ ಉಯಿಲು ಓದಲು ಕೂತಿದ್ದೇವೆ.